ದೇಕಬ್ಬೆಯ ಮಣೆ

ಬಹಳ ಹಿಂದೆ, ಮೋಡಗಳೊಡನೆ ಮನುಷ್ಯರು ಬೀಗತನ ಬೆಳೆಸುತ್ತಿದ್ದ ಕಾಲದಲ್ಲಿ, ಮುಂಜಾಲವೆಂಬ ಒಂದು ರಾಜ್ಯವಿತ್ತು. ರಾಜ್ಯ ಚಿಕ್ಕದು. ಅರಮನೆಯ ಮಾಳಿಗೆ ಹತ್ತಿ ನಿಂತರೆ ನಾಲ್ಕು ಗಡಿಯೂ ಕಾಣುತ್ತಿದ್ದವು. ಅರಮನೆಗೆ ಇದ್ದದ್ದು ಒಂದೇ ಅಡುಗೆಮನೆ.

ಅಲ್ಲಿಯ ಅರಸ ಬೀರರಸ ಇನ್ನೂ ಎಳೆ ಪ್ರಾಯದವನು. ಅವನ ತಾಯಿ ದೇಕಬ್ಬೆ ಹಿಂದಿನ ಸುಗ್ಗಿಯಲ್ಲಿ ತೀರಿಕೊಂಡಿದ್ದಳು. ಅವಳದೆಂದು ಅವನ ಮನಸ್ಸಿನಲ್ಲಿ ಉಳಿದದ್ದು ಮೂರು. ಬೀಸುವಾಗ ಅವಳು ಗುನುಗುತ್ತಿದ್ದ ಒಂದು ರಾಗ. ‘ಬೀರೂ’ ಎಂದು ಕೊನೆಯನ್ನು ಎಳೆದು ಅವಳು ಕರೆಯುತ್ತಿದ್ದ ರೀತಿ. ಮತ್ತು ಅವಳ ಮುಖ. ಅವಳು ಕೂರುತ್ತಿದ್ದ ಹಲಸಿನ ಮಣೆ ಒಲೆಯ ಎದುರು ಗೋಡೆಯ ಬಳಿ ಇದ್ದಲ್ಲೇ ಇತ್ತು. ಅದನ್ನು ಯಾರೂ ಎತ್ತಿಡಲಿಲ್ಲ, ಅದರ ಮೇಲೆ ಯಾರೂ ಕೂರಲೂ ಇಲ್ಲ.

ಬೀರರಸ ಮದುವೆಯಾದದ್ದು ಮೋಡದ ನಾಡಿನ ಚಾಕಲೆಯನ್ನು. ಮಳೆಗಾಲ ಮುಗಿದು ಮೋಡಗಳಿಗೆ ಬಿಡುವಾದಾಗ ಅವಳ ತಂದೆತಾಯಿ ಮಗಳ ಮನೆಗೆ ಬಂದರು.

ಮೋಡದ ನಾಡಿನವರು ಕೂತ ಜಾಗ ಒದ್ದೆಯಾಗುತ್ತದೆ. ಮಾವ ನಿಟ್ಟುಸಿರು ಬಿಟ್ಟರೆ ಮನೆಯೊಳಗೆ ಮಳೆ ಬೀಳುತ್ತಿತ್ತು. ಅತ್ತೆ ನಕ್ಕರೆ ದೀಪ ಆರುತ್ತಿತ್ತು. ಹಾಸಿಗೆ ಒಣಗಲಿಲ್ಲ, ಹಪ್ಪಳ ಒಣಗಲಿಲ್ಲ, ಸೌದೆ ಹೊತ್ತಲಿಲ್ಲ. ಮಾವ ಪ್ರತಿ ಊಟದ ನಂತರವೂ ತಾನು ಪ್ರಾಯದಲ್ಲಿ ಒಂದು ಬೆಟ್ಟದ ತುದಿಗೆ ಸಿಕ್ಕಿಹಾಕಿಕೊಂಡ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಹೇಳಿ ಮುಗಿಸಿ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ಅಡುಗೆಮನೆಯ ಹೊಸ್ತಿಲಿಗೆ ಅಡ್ಡಲಾಗಿ ಮಲಗಿಬಿಡುತ್ತಿದ್ದರು. ಅತ್ತೆ ಉಪ್ಪಿನ ಮಡಕೆಯನ್ನು ಬೇಳೆಯ ಜಾಗಕ್ಕೂ ಬೇಳೆಯ ಡಬರಿಯನ್ನು ಅಟ್ಟಕ್ಕೂ ಸಾಗಿಸಿದರು.

“ಇದು ಸಾರೋ, ಕೈ ತೊಳೆದ ನೀರೋ, ಅಳಿಯಂದಿರೇ? ತಪ್ಪು ತಿಳ್ಕೋಬೇಡಿ,” ಎಂದು ಅತ್ತೆ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.

ಹೆಣ್ಣು ಕೊಟ್ಟವರಿಗೆ ಅಳಿಯನೇ ಬಡಿಸಬೇಕೆಂಬುದು ಮುಂಜಾಲದ ಪದ್ಧತಿ. ಬೀರರಸ ಬಡಿಸಿದ. ಆದರೆ ನಿಂತಲ್ಲಿ ನಿಲ್ಲಲಾರದೆ ಹಿತ್ತಲಿಗೆ ಹೋದ, ಬಂದ, ಉಪ್ಪಿನ ಮಡಕೆಯನ್ನು ಮೊದಲಿನ ಜಾಗಕ್ಕೆ ಇಟ್ಟ, ಮತ್ತೆ ಹಿತ್ತಲಿಗೆ ಹೋದ.

ಇದಿಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಅತ್ತೆ ಮಾವ ಬಂದ ಮಧ್ಯಾಹ್ನ ಅವರ ಹಿಂದೆಯೇ ಇನ್ನೊಬ್ಬ ಮುದುಕ ಬಾಗಿಲು ದಾಟಿ ಬಂದಿದ್ದ. ಮೈಯೆಲ್ಲ ಒಣಕಲು. ಚಪ್ಪಲಿಯನ್ನು ಮಾವನ ಚಪ್ಪಲಿಯ ಪಕ್ಕದಲ್ಲಿ ಬಿಟ್ಟು, ನೇರ ಅಡುಗೆಮನೆಗೆ ನಡೆದು, ದೇಕಬ್ಬೆಯ ಮಣೆಯ ಮೇಲೆ ಕೂತುಬಿಟ್ಟ.

‘ಏಳಿ’ ಎಂಬ ಮಾತು ಬೀರರಸನ ನಾಲಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡ. ಬೀಗರ ಜೊತೆ ಬಂದವರನ್ನು ‘ನೀವು ಯಾರು’ ಎಂದು ಕೇಳುವಂತಿರಲಿಲ್ಲ. ಹಾಗೆ ಕೇಳಿಸಿಕೊಂಡ ಬೀಗರು ಆ ಹೊಸ್ತಿಲನ್ನು ಮತ್ತೆಂದೂ ತುಳಿಯುತ್ತಿರಲಿಲ್ಲ. ವಯಸ್ಸಾದ ಮೋಡದಲ್ಲಿ ನೀರೆಲ್ಲಿ ಉಳಿದೀತು, ಅದಕ್ಕೇ ಒಣಗಿರಬೇಕು ಎಂದುಕೊಂಡು ಅವನು ಸುಮ್ಮನಾದ. ಚಾಕಲೆಯೂ ಸೌಟು ಹಿಡಿದು ಒಂದು ಗಳಿಗೆ ನಿಂತಳು. ಗಂಡನ ಮುಖ ನೋಡಿದಳು. ಏನೂ ಹೇಳದೆ ಮುದುಕನ ಮುಂದೆ ಎಲೆ ಹಾಕಿದಳು.

ಮುದುಕ ನೀರಿನ ತಂಬಿಗೆಯನ್ನು ಪಕ್ಕಕ್ಕೆ ತಳ್ಳಿದ. “ಇಂಥ ನೀರು ಕುಡಿದು ನನಗೆ ಅಭ್ಯಾಸವಿಲ್ಲ. ಆಮೆಮಡುವಿನ ನೀರು ಬರದೆ ನಾನು ತುತ್ತು ಎತ್ತೋದಿಲ್ಲ.”

ನೆಂಟರು ಉಪವಾಸ ಕೂರಬಾರದಲ್ಲ. ಬೀರರಸ ಕೊಡ ಹೊತ್ತು ಹೊರಟ.

ಮಡುವಿನ ದಂಡೆಯಲ್ಲಿ ಬಂಡೆಯಷ್ಟು ದೊಡ್ಡ ಆಮೆ ಮಲಗಿತ್ತು. “ನಾನೊಂದು ಕತೆ ಹೇಳ್ತೀನಿ. ಕೇಳ್ತಾ ಆಕಳಿಸಿದವರನ್ನ ನುಂಗ್ತೀನಿ,” ಎಂದಿತು. ತಾನು ಈ ದಂಡೆ ಹತ್ತಿದ್ದು ಹೇಗೆಂದು ಹೇಳಿತು. ಮುಗಿಸಿ, ಮತ್ತೆ ಮೊದಲಿನಿಂದ ಹೇಳಿತು. ಬೀರರಸನಿಗೆ ಇದು ಹೊಸದೇನಲ್ಲ. ಎಲ್ಲಿ “ಹೌದೇ?” ಅನ್ನಬೇಕು, ಎಲ್ಲಿ “ಆಮೇಲೆ?” ಅನ್ನಬೇಕು ಎಂಬುದು ಮದುವೆಯ ದಿನಗಳಲ್ಲೇ ಮಾವನಿಂದ ರೂಢಿಯಾಗಿತ್ತು. ಆಮೆಗೆ ಸಂತೋಷವಾಯಿತು.

“ನೀರು ತುಂಬ್ಕೋ. ಯಾರಿಗೆ ಇದು?”

“ನೆಂಟರಿಗೆ.”

“ಯಾರ ಕಡೆಯವರು?”

“ಹಾಗೆಲ್ಲ ಕೇಳಬಾರದು.”

“ನಾನು ಪ್ರಾಣಿ. ನನಗೆ ಮರ್ಯಾದೆ ಕಲಿಸಿದವರಿಲ್ಲ,” ಎಂದು ಆಮೆ ನೀರಿಗಿಳಿಯಿತು.

ಮುದುಕ ಆ ನೀರು ಕುಡಿದು, ಉಂಡು, ಬಾಯಿ ಒರೆಸಿಕೊಂಡು ಒಂದು ರಾಗ ಗುನುಗಿದ. ಎಷ್ಟು ಚೆನ್ನಾಗಿದೆ, ಇದನ್ನು ಎಂದೂ ಕೇಳಿಲ್ಲವಲ್ಲ ಎಂದುಕೊಂಡ ಬೀರರಸ. ಎಲೆ ಎತ್ತಿಹಾಕಿ ಬರುವಾಗ ಬೀಸುಕಲ್ಲಿನ ಮುಂದೆ ಅವನ ಕಾಲು ನಿಂತಿತು. ಅವ್ವ ಇಲ್ಲಿ ಕೂತು ಏನೋ ಗುನುಗುತ್ತಿದ್ದಳು. ಏನದು? ನೆನಪಾಗಲಿಲ್ಲ.

ಮರುದಿನ ಮುದುಕ ಬೆಲ್ಲದ ಬಟ್ಟಲನ್ನು ತಳ್ಳಿದ. “ಇದು ನನ್ನ ಬಾಯಿಗೆ ಹಿಡಿಸೋದಿಲ್ಲ. ಹಂದಿಕಣಿವೆಯ ಜೇನು ಬರದೆ ತುತ್ತು ಎತ್ತೋದಿಲ್ಲ.”

ಕಣಿವೆಯ ದಾರಿಗೆ ಅಡ್ಡಲಾಗಿ ಕಬ್ಬಿಣದ ಕೂದಲಿನ ಹಂದಿ ಗೊರಕೆ ಹೊಡೆಯುತ್ತಿತ್ತು. ದಾಟುವವರು ಕೂದಲಿಗೆ ತಾಕಿದರೆ ಅದು ಎದ್ದು ಸೀಳಿಹಾಕುತ್ತಿತ್ತು. ಮಲಗಿದ ಮಾವನನ್ನು ಕೈಯಲ್ಲಿ ಕುದಿಯುವ ಸಾರಿನ ಪಾತ್ರೆ ಹಿಡಿದೇ ದಾಟಿದವನಿಗೆ ಈ ಹಂದಿ ಯಾವ ಲೆಕ್ಕ? ಅವನು ಹೋದ, ಜೇನು ಕಿತ್ತುಕೊಂಡು ಬಂದ. ಹಿಂದಿರುಗಿ ದಾಟುವಾಗ ಹಂದಿ ಒಂದು ಕಣ್ಣು ತೆರೆದು, “ಪರವಾಗಿಲ್ಲ ಕಣಯ್ಯ ನೀನು. ಜೇನು ಯಾರಿಗೆ? ಅವರು ಯಾರ ಕಡೆಯವರು?” ಎಂದಿತು.

“ಹೆಂಡತಿ ಕಡೆಯವರು ಇರಬೇಕು.”

“ಇರಬೇಕೋ, ಹೌದೋ?”

ಬೀರರಸ ಜೇನನ್ನು ಎದೆಗವಚಿಕೊಂಡು ಮನೆಯ ಕಡೆ ನಡೆದ.

ಜೇನು ನೆಕ್ಕಿ, ಉಂಡು ಮುಗಿಸಿದ ಮುದುಕ, “ಬೀರೂ, ಎಲೆ ಎತ್ತಪ್ಪ,” ಎಂದ. ಕೊನೆಯನ್ನು ಎಳೆದು ಕರೆದ. ಬೀರರಸನ ಎದೆಯಲ್ಲಿ ಏನೋ ಜಾರಿ ಬಿದ್ದಂತಾಯಿತು. ಅವ್ವ ತನ್ನನ್ನು ಏನೆಂದು ಕರೆಯುತ್ತಿದ್ದಳು? ಹಿತ್ತಲಲ್ಲಿ ನಿಂತು ನೆನೆದ, ಬಾವಿಯ ಬಳಿ ನಿಂತು ನೆನೆದ. ಅವಳ ಬಾಯಿ ಅಲ್ಲಾಡುವುದು ಕಂಡಿತು. ದನಿ ಕೇಳಲಿಲ್ಲ.

ತಡೆಯಲಾರದೆ ಚಾಕಲೆಯ ಬಳಿ ಬಂದ. “ಇವರು ಇನ್ನೂ ಎಷ್ಟು ದಿನ ಇರ್ತಾರೆ?”

ಚಾಕಲೆ ಮುಖ ಊದಿಸಿಕೊಂಡಳು. “ನಮ್ಮಪ್ಪ ಮಲಗಿರೋದು ಹೊಸ್ತಿಲ ಮೇಲೆ, ನಿಮ್ಮ ತಲೆ ಮೇಲಲ್ಲ. ನಾನು ಯಾರ ವಿಷಯಾನೂ ಎತ್ತಿಲ್ಲ. ಎಷ್ಟು ಸಹಿಸ್ಕೊಂಡಿದೀನಿ ಅಂತ ನನಗೇ ಗೊತ್ತು.”

ಅವಳು ಏನನ್ನು ಸಹಿಸುತ್ತಿದ್ದಾಳೆಂದು ಅವನು ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಅದರ ಮರುದಿನ ಮುದುಕ ಎಲೆಯನ್ನೇ ತಳ್ಳಿದ. “ಉಪ್ಪು ಸಪ್ಪೆ. ಸಿಂಹದ ಗುಡ್ಡದ ಉಪ್ಪು ಬರಲಿ.”

ಗುಡ್ಡದ ಮೇಲೆ ಬಿಳಿಯ ಸಿಂಹ ಕೂತಿತ್ತು. “ಬುತ್ತಿ ಬಡಿಸು. ನಾನು ಹೆಸರಿಡ್ತೀನಿ. ನಿನಗೆ ಸಿಟ್ಟು ಬಂದರೆ ನಿನ್ನನ್ನೇ ತಿಂತೀನಿ,” ಎಂದಿತು. ಬೀರರಸ ಬುತ್ತಿ ಬಿಚ್ಚಿ ಬಡಿಸಿದ. “ಇದು ರೊಟ್ಟಿಯೋ, ಒಣಗಿದ ಬೆರಣಿಯೋ? ಚಟ್ನಿಗೆ ಮೆಣಸಿನಕಾಯಿ ತೋರಿಸಿ ತೆಗೆದಿದ್ದಾರೋ?”

“ಇನ್ನೊಂದು ರೊಟ್ಟಿ ಹಾಕಲೇ?” ಎಂದ ಬೀರರಸ. ಅತ್ತೆಗೂ ಅವನು ಹೀಗೇ ಅನ್ನುತ್ತಿದ್ದ.

ಸಿಂಹ ನಕ್ಕು ಇನ್ನೊಂದು ಹಾಕಿಸಿಕೊಂಡಿತು. “ಉಪ್ಪು ಯಾರಿಗೆ? ಅವರು ಯಾರ ಕಡೆಯವರು?”

ಬೀರರಸ ಕಲ್ಲಿನ ಮೇಲೆ ಕುಸಿದು ಕೂತ. “ಗೊತ್ತಿಲ್ಲ.”

“ಹೆಂಡತಿಗೆ ಗೊತ್ತೋ?”

“ಕೇಳಿಲ್ಲ.”

“ಅವನು ಮಣೆಗಳ್ಳ ಕಣಯ್ಯ, ಮಾಟಗಾರ,” ಎಂದಿತು ಸಿಂಹ. “ಎರಡು ಕಡೆಯವರೂ ಬಾಯಿ ಬಿಡದ ಮನೆ ಹುಡುಕಿಕೊಂಡು ಹೋಗ್ತಾನೆ. ತೀರಿಕೊಂಡವರ ಜಾಗದಲ್ಲಿ ಕೂತು, ಊಟಕ್ಕೊಂದರಂತೆ ಅವರ ನೆನಪು ತಿಂತಾನೆ. ನಿನ್ನ ಹತ್ತಿರ ಏನು ಉಳಿದಿದೆ?”

“ಅವ್ವನ ಮುಖ.”

“ಇವತ್ತು ಅದು. ಅದೂ ಹೋದರೆ ಮಣೆ ಅವನದು, ಮನೆಯೂ ಅವನದು.”

“ಕೇಳಿದರೆ ಏನಾಗುತ್ತೆ?”

“ಯಾರೂ ಕೇಳಿದ್ದಿಲ್ಲ. ನೀವು ಮರ್ಯಾದಸ್ಥರಲ್ಲವೇ?”

ಬೀರರಸ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಓಡಿದ. ದಾರಿಯುದ್ದಕ್ಕೂ ಅವ್ವನ ಮುಖವನ್ನು ಕಣ್ಣ ಮುಂದೆ ಇಟ್ಟುಕೊಂಡೇ ಓಡಿದ. ಸಿಂಹ ಹೇಳಿದ್ದು ಸುಳ್ಳಾದರೆ? ಅತ್ತೆ ಮಾವ ಎದ್ದು ಹೋಗುತ್ತಾರೆ. ಚಾಕಲೆಗೆ ತವರಿನವರು ಮತ್ತೆ ಸಿಗುವುದಿಲ್ಲ. ನಿಜವಾದರೆ? ಮನಸ್ಸು ಅತ್ತ ಒಂದು ಹೆಜ್ಜೆ ಇತ್ತ ಒಂದು ಹೆಜ್ಜೆ ಇಡುತ್ತಿತ್ತು. ಕಾಲು ಮಾತ್ರ ನಿಲ್ಲಲಿಲ್ಲ.

ಅಡುಗೆಮನೆಯಲ್ಲಿ ಎಲ್ಲರ ಎಲೆಯೂ ಹಾಕಿತ್ತು. ಉಪ್ಪು ಬಂದದ್ದು ಕಂಡೊಡನೆ ಮುದುಕ ಅನ್ನ ಕಲೆಸಿದ. ಉಪ್ಪಿಗಾಗಿ ಕೈ ಚಾಚಿದ. ಬೀರರಸ ಮುಷ್ಟಿ ತೆರೆಯಲಿಲ್ಲ.

“ಅಜ್ಜ, ನೀವು ಯಾರ ಕಡೆಯವರು?”

ಚಾಕಲೆಯ ಕೈಯಿಂದ ಸೌಟು ಬಿತ್ತು. ಅತ್ತೆಯ ಮುಖ ಕಪ್ಪಾಗಿ, ಎಲ್ಲೋ ಒಳಗೆ ಗುಡುಗಿತು.

“ಅಳಿಯಂದಿರೇ, ಬಂದ ನೆಂಟರನ್ನ ಹೀಗೆ ಕೇಳ್ತಾರೆಯೇ? ಅದೂ ನಿಮ್ಮ ಕಡೆಯವರನ್ನ?”

“ನಮ್ಮ ಕಡೆಯವರೇ? ಇವರು ನಿಮ್ಮವರಲ್ಲವೇ, ಅತ್ತೆ?”

“ನಮ್ಮಲ್ಲಿ ಇಷ್ಟು ಒಣಗಿದವರನ್ನ ಎಲ್ಲಾದರೂ ನೋಡಿದ್ದೀರಾ?”

ಚಾಕಲೆ ಗಂಡನ ಕಡೆ ತಿರುಗಿದಳು. “ರೀ, ಇವರು ನಿಮ್ಮ ಅವ್ವನ ಅಣ್ಣ ಅಲ್ವೇ? ಬಂದವರೇ ಅವರ ಮಣೆ ಮೇಲೆ ಕೂತರು. ನಾನೇ ಒಂದು ದಿನವೂ ಅಲ್ಲಿ ಕೂತಿಲ್ಲ. ನೀವೂ ಏನೂ ಅನ್ನಲಿಲ್ಲ. ಒಡಹುಟ್ಟಿದವರಲ್ಲದೆ ಇನ್ಯಾರು ಕೂರ್ತಾರೆ ಅಂತ ನಾನೂ ಬಾಯಿ ಮುಚ್ಕೊಂಡೆ.”

ನಾಲ್ವರೂ ಮುದುಕನ ಕಡೆ ನೋಡಿದರು. ಅವನು ಎತ್ತಿದ ತುತ್ತು ಅಲ್ಲೇ ನಿಂತಿತು. ನೋಡುತ್ತಿದ್ದಂತೆ ಕೈ ಸಣ್ಣಗಾಯಿತು, ಮೈ ಸಣ್ಣಗಾಯಿತು. ಒಂದು ಬಿಳಿಯ ಗೆದ್ದಲು ಮಣೆಯ ಬಿರುಕಿನೊಳಗೆ ನುಗ್ಗಿತು. ಒಳಗೆ ಕರಕರ ಎಂದು ಮರ ತಿನ್ನುವ ಸದ್ದು ಕೇಳಿಸಿತು.

“ಮಾವ, ಒಂದು ನಿಟ್ಟುಸಿರು ಬಿಡಿ,” ಎಂದ ಬೀರರಸ.

“ಸುಮ್ಮಸುಮ್ಮನೆ ಬಿಡಿ ಅಂದರೆ ಹೇಗೆ ಬರುತ್ತೆ?”

“ಆ ಬೆಟ್ಟಕ್ಕೆ ಸಿಕ್ಕಿಹಾಕಿಕೊಂಡದ್ದು ನೆನೆಸಿಕೊಳ್ಳಿ.”

ಮಾವ ನೆನೆಸಿಕೊಂಡರು. ಮನೆ ನಡುಗುವಂಥ ನಿಟ್ಟುಸಿರು ಬಂತು. ಅಡುಗೆಮನೆಯಲ್ಲಿ ಧೋ ಎಂದು ಮಳೆ ಸುರಿಯಿತು. ಮಣೆಯ ಬಿರುಕಿನಿಂದ ಗೆದ್ದಲು ಕೊಚ್ಚಿಕೊಂಡು ಬಂದು, ಬಚ್ಚಲ ಮೋರಿ ಸೇರಿ, ಮುಂಜಾಲದ ಗಡಿ ದಾಟಿ ಹೋಯಿತು.

ಮಳೆಯ ಸದ್ದಿನ ನಡುವೆ ಬೀಸುಕಲ್ಲಿನ ರಾಗ ಹಿಂದಿರುಗಿತು. ಆಮೇಲೆ, ಕೊನೆ ಎಳೆದು, ‘ಬೀರೂ’ ಎಂಬ ದನಿ. ಬೀರರಸ ಗೋಡೆಗೆ ಒರಗಿ ನಿಂತ. ಎಲ್ಲರೂ ನೆನೆದಿದ್ದರಿಂದ ಅವನ ಮುಖ ಒದ್ದೆಯಾದದ್ದನ್ನು ಯಾರೂ ಬೇರೆಯಾಗಿ ನೋಡಲಿಲ್ಲ. ಚಾಕಲೆ ಮಾತ್ರ ಸೆರಗು ಹಿಂಡಿ ಅವನ ಕೈಗೆ ಕೊಟ್ಟಳು.

ಅವನು ಮಣೆಯನ್ನು ಒರೆಸಿ ಚಾಕಲೆಯ ಮುಂದೆ ಇಟ್ಟ. “ಅವ್ವ ಇದ್ದಿದ್ದರೆ ನಿನ್ನನ್ನೇ ಕೂರು ಅಂತಿದ್ದಳು.”

ಚಾಕಲೆ ಕೂತಳು. ಅದರ ಒಂದು ಕಾಲು ಟೊಳ್ಳಾಗಿದ್ದರಿಂದ ಸ್ವಲ್ಪ ವಾಲಿತು. ಬೀರರಸ ಅದರ ಕೆಳಗೆ ಒಂದು ಬಿಲ್ಲೆ ಕಲ್ಲು ಇಟ್ಟ.

ಮಾವ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದರು. “ಬಂದು ಮೂರು ದಿನ ಆಯ್ತು ಅಳಿಯಂದಿರೇ. ಹೋಗಿ ಬರ್ತೀವಿ.”

“ಇನ್ನೊಂದೆರಡು ದಿನ ಇದ್ದು ಹೋಗಿ, ಮಾವ,” ಎಂದ ಬೀರರಸ. ಹೇಳಿದ ಮೇಲೆ, ತಾನು ನಿಜವಾಗಿಯೂ ಹಾಗೆ ಬಯಸುತ್ತಿದ್ದೇನೆಂದು ತಿಳಿದು ಅವನಿಗೇ ಸೋಜಿಗವಾಯಿತು.

ಮಾವ ಗಂಟನ್ನು ಕೆಳಗಿಟ್ಟರು. ಅತ್ತೆ ಆಗಲೇ ಒಳಗೆ ಹೋಗಿ ಉಪ್ಪಿನ ಮಡಕೆ ಎತ್ತಿದ್ದರು.

ಮುಂಜಾಲದಲ್ಲಿ ಅಂದಿನಿಂದ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಆಮೇಲೆ ಯಾರ ಕಡೆಯವರೆಂದು ಕೇಳುತ್ತಾರೆ. ಅದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮಣೆಗಳ್ಳ ಅತ್ತ ಮತ್ತೆ ಸುಳಿಯಲಿಲ್ಲ. ಬೀರರಸನೂ ಚಾಕಲೆಯೂ ನೆಮ್ಮದಿಯಾಗಿ ಬಾಳಿದರು, ಪ್ರಜೆಗಳೂ ನೆಮ್ಮದಿಯಾಗಿ ಬಾಳಿದರು. ಆ ವರ್ಷ ಅರಮನೆಯ ಹಪ್ಪಳ ಮಾತ್ರ ಒಣಗಲೇ ಇಲ್ಲ.