ಹನ್ನೆರಡನೆಯ ಹೆಲ್ಮೆಟ್

"ಇವತ್ತಾದ್ರೂ ಒಳಗೆ ಬರ್ತೀರಾ? ಬಿಳೀ ಪರದೆ ಥರ ಒಂದು ಕಲ್ಲಿದೆ. ಅದರ ಮುಂದೆ ನಿಂತು ನಿಮಗೊಂದು ಮಾತು ಹೇಳ್ಬೇಕು..."

ಗೈಡ್ ಹೀಗೆ ಕೇಳಿದ್ದೇ ತಡ, ಅವಳ ಕೈಯಲ್ಲಿದ್ದ ಹೆಲ್ಮೆಟ್ ಜಾರಿಬಿತ್ತು. ಗುಹೆಯ ಬಾಗಿಲಲ್ಲಿ ಕುಳಿತು ಪ್ರವಾಸಿಗರಿಗೆ ಹೆಲ್ಮೆಟ್ ಕೊಡುವುದು, ಮರಳಿ ಪಡೆಯುವುದು ಅವಳ ಕೆಲಸ. ಎರಡು ವರ್ಷವಾದರೂ ಒಳಗೆ ಒಂದು ಹೆಜ್ಜೆ ಇಟ್ಟವಳಲ್ಲ.

"ಬರಲ್ಲ! ಮತ್ತೆ ಕೇಳ್ಬೇಡಿ."

ಅವನ ಮುಖ ಸಪ್ಪಗಾಯಿತು. "ಅರ್ಥ ಆಯ್ತು ಬಿಡಿ. ಬೇರೆ ಕಡೆ ವರ್ಗ ಕೇಳ್ತೀನಿ."

ಅಯ್ಯೋ! ಬೇಡವೆಂದದ್ದು ಅವನನ್ನಲ್ಲ, ಆ ಕತ್ತಲನ್ನು! ಚಿಕ್ಕಂದಿನಲ್ಲಿ ಅಣ್ಣ ಆಟಕ್ಕೆಂದು ಅವಳನ್ನು ಬೀರುವಿನೊಳಗೆ ಕೂಡಿಹಾಕಿ ಮರೆತೇಬಿಟ್ಟಿದ್ದ. ಅಂದಿನಿಂದ ಮುಚ್ಚಿದ ಜಾಗವೆಂದರೆ ಉಸಿರು ಕಟ್ಟುತ್ತಿತ್ತು. ಇವನಿಗೆ ಹೇಳಿದರೆ ಎಲ್ಲಿ ನಗುತ್ತಾನೋ...

ಅವನು ಹನ್ನೊಂದು ಜನರೊಂದಿಗೆ ಒಳಗೆ ನಡೆದ. ದನಿ ಮಾತ್ರ ತೇಲಿ ಬರುತ್ತಿತ್ತು.

"ಮಳೆನೀರು ಸುಣ್ಣಕಲ್ಲನ್ನ ಕರಗಿಸ್ಕೊಂಡು ಇಳಿಯುತ್ತೆ. ಒಂದೊಂದು ಹನೀನೂ ಚೂರೇ ಚೂರು ಸುಣ್ಣ ಬಿಟ್ಟು ಬೀಳುತ್ತೆ. ಬೆರಳುದ್ದ ಕಲ್ಲಾಗೋಕೆ ಸಾವಿರ ವರ್ಷಾನೂ ಬೇಕಾಗ್ಬಹುದು. ಮುಟ್ಬೇಡಿ ಅಮ್ಮಾ, ಕೈ ಜಿಡ್ಡು ತಾಗಿದ್ರೆ ಬೆಳೆಯೋದೇ ನಿಂತ್ಹೋಗುತ್ತೆ!"

ಅರ್ಧ ಗಂಟೆ ಕಳೆದಿರಬೇಕು. ಒಳಗಿನ ದೀಪಗಳೆಲ್ಲ ಫಕ್ಕನೆ ಆರಿದವು! ಕಿರುಚಾಟ... ಏನೋ ದೊಪ್ಪನೆ ಬಿದ್ದ ಸದ್ದು... ಜನ ಎದ್ದುಬಿದ್ದು ಹೊರಗೆ ಓಡಿಬಂದರು.

ಅವಳು ಮರಳಿ ಬಂದ ಹೆಲ್ಮೆಟ್ ಎಣಿಸಿದಳು. ಹನ್ನೊಂದು. ಹನ್ನೆರಡನೆಯದು ಅವನದು!

"ಗೈಡ್ ಎಲ್ಲಿ?"

"ನನ್ನ ಕಾಲು ಜಾರ್ತಮ್ಮ," ಅಜ್ಜಿಯೊಬ್ಬರು ಬಿಕ್ಕಿದರು. "ಹಿಡಿಯೋಕೆ ಬಂದು ಪಾಪ, ಅವರೇ ಕೆಳಗೆ ಬಿದ್ರು."

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, "ಬರೋಕೆ ಒಂದು ಗಂಟೆ ಆಗುತ್ತೆ" ಎಂದ.

ಒಂದು ಗಂಟೆ! ಅಷ್ಟರಲ್ಲಿ ಅವನಿಗೇನಾದರೂ...

ಟಾರ್ಚ್ ಹಿಡಿದು ಬಾಗಿಲು ದಾಟಿದಳು. ತಣ್ಣನೆ ಗಾಳಿಯಲ್ಲೂ ಬೆನ್ನು ಬೆವರಿತು. ತೂಗುವ ಕಲ್ಲುಗಳ ನೆರಳು ಹಲ್ಲಿನಂತೆ ಕೆಳಗಿಳಿಯುತ್ತಿತ್ತು. ಗೋಡೆಗಳು ಹತ್ತಿರ ಬಂದವು... ಇನ್ನೂ ಹತ್ತಿರ! ಕಾಲು ಕಿತ್ತಿಡಲಾಗಲಿಲ್ಲ.

'ವಾಪಸ್ ಹೋಗಿಬಿಡು' ಎಂದಿತು ಮನಸ್ಸು.

ಆಗ ಕೆಳಗಿನಿಂದ ನರಳುವ ಸದ್ದು. ಅವಳು ಕಂಬಿ ಹಿಡಿದು, ಕೂತು ಕೂತೇ ಮೆಟ್ಟಿಲಿಳಿದಳು.

ಅವನು ಗೋಡೆಗೊರಗಿ ಬಿದ್ದಿದ್ದ. ಹಣೆಯಲ್ಲಿ ರಕ್ತ, ಪಾದ ಊದಿಕೊಂಡಿತ್ತು.

"ನೀವಾ! ಯಾಕ್ ಬಂದ್ರಿ?"

"ಮಾತಾಡ್ತಾನೇ ಇರಿ... ಸುಮ್ಮನಾಗ್ಬೇಡಿ. ನನಗೆ ತುಂಬಾ ಭಯ ಆಗ್ತಿದೆ." ಅಳುತ್ತಲೇ ಬೀರುವಿನ ಕಥೆ ಹೇಳಿ ಮುಗಿಸಿದಳು.

ಅವನು ನಗಲಿಲ್ಲ. "ಅಂದ್ರೆ... ನಾನು ಬೇಡ ಅಂತಲ್ವಾ?"

"ಬೇಡವಾಗಿದ್ರೆ ಇಲ್ಲೀತನಕ ಬರ್ತಿದ್ನಾ, ಪೆದ್ದು!"

"ಹಾಗಾದ್ರೆ ಆ ಮಾತು ಈಗ್ಲೇ ಹೇಳ್ತೀನಿ. ನನ್ನ ಮದ್ವೆ ಆಗ್ತೀರಾ?"

"ಆಗ್ತೀನಿ... ಮೊದ್ಲು ಎದ್ದೇಳಿ."

ಅವನ ತೋಳನ್ನು ಹೆಗಲಿಗೆ ಹಾಕಿಕೊಂಡಳು. ಅವನು ಒಂಟಿಗಾಲಲ್ಲಿ ಎದ್ದು ನಿಂತ.

"ಎಷ್ಟು ಮೆಟ್ಟಿಲು?"

"ನಲವತ್ತು."

"ಜೋರಾಗಿ ಎಣಿಸಿ. ನಿಮ್ಮ ದನಿ ಕೇಳ್ತಿದ್ರೆ ಹತ್ತಿಬಿಡ್ತೀನಿ."

"ಒಂದು..."

"ನಿಧಾನ ರೀ... ನಾನಿದ್ದೀನಿ."

"ಎರಡು..."