ಆರು ಮೀಟರಿನೊಳಗಿನ ಭಯ

ಮೈಲಾರಿಯ ಬಲಗೈ ಹೆಂಡತಿಯ ಕೆನ್ನೆಗೆ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು. ಅವನಾಗಿ ನಿಲ್ಲಿಸಿದ್ದಲ್ಲ. ಮಣಿಕಟ್ಟಿನ ಬೂದು ಪಟ್ಟಿ ಬಿಗಿದು, ಬೆರಳಿನಿಂದ ಭುಜದ ತನಕ ಸ್ನಾಯುಗಳೆಲ್ಲ ಸೆಟೆದುಕೊಂಡವು. ಹೊಡೆತದ ರಭಸವೆಲ್ಲ ಒಳಗೇ ತಿರುಗಿ ಭುಜದ ಕೀಲು ತಪ್ಪಿತು. ತಪ್ಪಿದ ಸದ್ದು ದಾಕ್ಷಾಯಣಿಗೂ ಕೇಳಿಸಿತು. ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಎಡಗೈಯನ್ನು ಕಿವಿಗೆ ಅಡ್ಡ ಹಿಡಿದಿದ್ದ ಅವಳು ಏಟಿಗಾಗಿ ಕಾದಳು. ಅದು ಬರಲಿಲ್ಲ. ಕಣ್ಣು ತೆರೆದಾಗ ಗಂಡ ಅಡುಗೆಮನೆಯ ನೆಲದ ಮೇಲೆ ಬಿದ್ದು ಒದರುತ್ತಿದ್ದ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಅವಳು ಮೊದಲು ಒಲೆ ಆರಿಸಿದಳು.

ಇದು ನಡೆದದ್ದು 2057ರ ಮಾರ್ಚಿನಲ್ಲಿ, ಪೋರ್ಚುಗಲ್ಲಿನ ವಾಲ್ ಫ್ರೀಯೊ ಎಂಬ ಗುಡ್ಡದೂರಿನಲ್ಲಿ. ಹುಬ್ಬಳ್ಳಿಯ ಮೈಲಾರಿ ಒಮಾನಿನ ಸೊಹಾರಿನಲ್ಲಿ ಮೂವತ್ತೊಂದು ವರ್ಷ ಟ್ರೇಲರ್ ಓಡಿಸಿ ನಿವೃತ್ತನಾಗಿದ್ದ. ಯುರೋಪಿನಲ್ಲಿ ಜನವಿಲ್ಲದೆ ಖಾಲಿಬಿದ್ದ ಊರುಗಳು ಆ ಕಾಲಕ್ಕೆ ಹೊರದೇಶದ ನಿವೃತ್ತರನ್ನು ಕರೆದು ಕರೆದು ಮನೆ ಕೊಡುತ್ತಿದ್ದವು. ಐದು ಊರುಗಳ ಪಟ್ಟಿಯಲ್ಲಿ ಇದನ್ನು ಆರಿಸಿ ಅರ್ಜಿ ತುಂಬಿದವಳು ದಾಕ್ಷಾಯಣಿ. ಹವೆ ತಂಪು, ದ್ರಾಕ್ಷಿ ಸಸ್ತಾ ಎಂದು ಗಂಡನಿಗೆ ಹೇಳಿದ್ದಳು. ಈ ಊರಿನಲ್ಲಿ ಎಲ್ಲರೂ ತಡೆಪಟ್ಟಿ ಕಟ್ಟಿಕೊಳ್ಳಲೇಬೇಕು ಎಂಬ ಕೊನೆಯ ಸಾಲನ್ನು ತಾನು ಎರಡು ಸಲ ಓದಿದ್ದನ್ನು ಮಾತ್ರ ಹೇಳಿರಲಿಲ್ಲ.

ಪಟ್ಟಿಯ ಕೆಲಸ ಸರಳವಾದದ್ದು. ಅದು ಎತ್ತಿದ ಕೈಯ ವೇಗವನ್ನು ಅಳೆಯುತ್ತದೆ. ಆರು ಮೀಟರಿನೊಳಗೆ ಇನ್ನೊಬ್ಬರಿದ್ದರೆ, ಅವರ ಮಣಿಕಟ್ಟಿನ ಪಟ್ಟಿ ನಾಡಿ ಮತ್ತು ಬೆವರಿನಿಂದ ಅವರ ಭಯವನ್ನು ಗುರುತಿಸಿ ಇದಕ್ಕೆ ತಿಳಿಸುತ್ತದೆ. ಎತ್ತಿದ ಕೈ, ಹೆದರಿದ ಮೈ ಎರಡೂ ಕೂಡಿದವೋ, ಕೈಗೆ ಹೋಗುವ ನರಗಳಲ್ಲಿ ಸಣ್ಣ ವಿದ್ಯುತ್ತು ಹರಿದು ಕೈ ಏಳು ಸೆಕೆಂಡು ಕಟ್ಟಿಹಾಕಿದಂತಾಗುತ್ತದೆ. ಸಿಟ್ಟನ್ನು ಅದು ಅಳೆಯುವುದೇ ಇಲ್ಲ. ಸಿಟ್ಟಿಲ್ಲದೆ ನಗುನಗುತ್ತ ಹೊಡೆಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಏಟು ತಿನ್ನುವವರ ಭಯ ಮಾತ್ರ ಸುಳ್ಳು ಹೇಳುವುದಿಲ್ಲ ಎನ್ನುವುದು ಅದನ್ನು ಕಂಡುಹಿಡಿದ ಡಾಕ್ಟರ್ ತೆರೇಜಾ ಮೊರೈಸ್‌ರ ವಾದ. ಮೊದಲ ಎರಡು ವರ್ಷದಲ್ಲಿ ಯಾರ ಪಟ್ಟಿ ಮೂರು ಸಲ ಬಿಗಿಯುತ್ತದೋ ಅವರ ವಾಸದ ಪರವಾನಗಿ ರದ್ದು.

ಮೈಲಾರಿ ಕಲಿತ, ಆದರೆ ಕಲಿಯಬೇಕಾದದ್ದನ್ನಲ್ಲ. ಮೇ ತಿಂಗಳಲ್ಲಿ ಸೊಂಟದ ಬೆಲ್ಟು ಬಿಚ್ಚಿ ಬೀಸಹೋದಾಗ ಪಟ್ಟಿ ಎರಡನೆಯ ಸಲ ಬಿಗಿಯಿತು. ಬೆಲ್ಟಿನ ಬಕಲ್ಲು ಅವನ ಹಲ್ಲಿಗೇ ಬಡಿದು ಎರಡು ಹಲ್ಲು ಉದುರಿದವು. ಅಂದಿನಿಂದ ಕೈ ಬಿಟ್ಟು ಕಾಲು ಹಿಡಿದ: ಬಾಗಿಲು ಒದ್ದ, ಕುರ್ಚಿ ಮುರಿದ, ಅವಳು ಹೊರಗೆ ಹೋದಾಗ ಅವಳ ಸೀರೆಗಳನ್ನು ಒಲೆಗೆ ಹಾಕಿದ. ಬೊಚ್ಚುಬಾಯಲ್ಲಿ ಒಂದೇ ಮಾತು ಹೇಳುತ್ತಿದ್ದ.

"ಊರಿಗೆ ಹೋಗೂದು ಬರತೈತಿ. ಅಲ್ಲಿ ಈ ಪಟ್ಟಿ ಇರಂಗಿಲ್ಲ."

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಮೈಲಾರಿ ಹಳೆಯದೊಂದು ಪಿಕಪ್ ವಾಹನ ಕೊಂಡಿದ್ದ. ಮರಳುಗಾಡಿನಲ್ಲೂ ಒಂದು ವರ್ಷವೂ ಪೂಜೆ ತಪ್ಪಿಸದ ಡ್ರೈವರು ಅವನು. ದೇವರ ವಿಷಯದಲ್ಲಿ ಬಲು ಮೆದು, ಅದನ್ನು ಒಪ್ಪಲೇಬೇಕು. ಬೂದುಗುಂಬಳ ಸಿಗದೆ ಅಲ್ಲಿಯ ಸಿಹಿಗುಂಬಳವನ್ನೇ ತಂದು, ತೂತು ಕೊರೆದು ಕುಂಕುಮ ತುಂಬಿದ. ದಾಕ್ಷಾಯಣಿ ಆರತಿ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅವನು ಅವಳಿಗೆ ಬೆನ್ನು ಹಾಕಿ, ಗಾಡಿಗೆ ಮೂರು ಸಲ ನಿವಾಳಿಸಿ, ರಸ್ತೆಯ ಮೇಲೆ ಒಡೆಯಲೆಂದು ಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿದ.

ಪಟ್ಟಿ ಬಿಗಿಯಿತು.

ಬಲಗೈ ಸೆಟೆಯಿತು, ಎಡಗೈ ಜಾರಿತು, ಆರು ಕಿಲೋ ಕುಂಬಳಕಾಯಿ ಅವನ ನೆತ್ತಿಯ ಮೇಲೇ ಬಿತ್ತು. ಮುಗ್ಗರಿಸಿದವನ ಹಣೆ ಪಿಕಪ್ಪಿನ ಕಬ್ಬಿಣದ ಕೊಕ್ಕೆಗೆ ಬಡಿದು ಹುಬ್ಬಿನಿಂದ ಕಿವಿಯವರೆಗೆ ಸೀಳಿತು. ಎದುರುಮನೆಯವರು ಓಡಿ ಬಂದಾಗ ರಸ್ತೆ ತುಂಬ ಕೆಂಪು. ಯಾವುದು ಕುಂಕುಮ, ಯಾವುದು ರಕ್ತ ಗೊತ್ತಾಗದೆ, ಮನುಷ್ಯನ ತಲೆಯೇ ಒಡೆದಿದೆ ಎಂದುಕೊಂಡು ಒಬ್ಬ ಮುದುಕಿ ಅಲ್ಲೇ ಕುಸಿದಳು. ದಾಕ್ಷಾಯಣಿಯ ತಟ್ಟೆಯಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಇಪ್ಪತ್ತೆರಡು ಹೊಲಿಗೆ ಬಿದ್ದವು. ಪೂಜೆ ಮಾಡುವವನನ್ನು ಕೊಲ್ಲಹೊರಟ ಯಂತ್ರ ಎಂದು ಮೈಲಾರಿ ಎದ್ದು ಕೂರಲಾದೊಡನೆ ದೂರು ಕೊಟ್ಟ. ನ್ಯಾಯವಾದ ದೂರೇ. ಮೂರನೆಯ ದಿನ ಡಾಕ್ಟರ್ ತೆರೇಜಾ ತಾವೇ ದಾಕ್ಷಾಯಣಿಯ ಮನೆಗೆ ಬಂದರು. ಬಿಳಿಗೂದಲಿನ, ಸಣ್ಣ ದನಿಯ ಹೆಂಗಸು. ಅವರ ಮಾತನ್ನು ಕಿವಿಯೊಳಗಿನ ಅನುವಾದಕ ಪಠ್ಯಪುಸ್ತಕದ ಕನ್ನಡದಲ್ಲಿ ಒಪ್ಪಿಸುತ್ತಿತ್ತು.

ಎದುರುಮನೆಯ ಕ್ಯಾಮೆರಾದ ಚಿತ್ರವನ್ನು ಅವರು ಮೇಜಿನ ಮೇಲಿಟ್ಟರು. ಪಟ್ಟಿ ಬಿಗಿದದ್ದು ಇದು ಮೂರನೆಯ ಸಲ, ಆದರೆ ಯಂತ್ರ ಇಂದು ಅಪರಾಧಿಯ ಸ್ಥಾನದಲ್ಲಿದೆ, ನೀವು ಹೇಳಿದಂತೆ ತೀರ್ಮಾನ, ಎಂದರು. ಅವನ ಕೈ ನಿಮ್ಮ ಮೇಲೆ ಏಳಲಿಲ್ಲ ಎಂದರೆ ಅವನು ಇಲ್ಲೇ ಉಳಿಯುತ್ತಾನೆ. ಎದ್ದಿತ್ತು ಎಂದರೆ ಹೋಗುತ್ತಾನೆ. ನಿಮ್ಮ ಪರವಾನಗಿ ಬೇರೆಯೇ ಇರುವುದರಿಂದ ನಿಮಗೆ ತೊಂದರೆಯಿಲ್ಲ.

ಆಮೇಲೆ ಚಿತ್ರದ ಒಂದು ಕಡೆ ಬೆರಳಿಟ್ಟು ಕೇಳಿದರು.

"ಅವರು ನಿಮಗೆ ಬೆನ್ನು ಹಾಕಿದ್ದಾರೆ. ಆದರೂ ನೀವು ತಲೆ ತಗ್ಗಿಸಿ ಕಿವಿಗೆ ಕೈ ಅಡ್ಡ ಹಿಡಿದಿದ್ದೀರಿ. ಏಕೆ?"

ದಾಕ್ಷಾಯಣಿ ಚಿತ್ರ ನೋಡಿದಳು. ತಾನು ಬಗ್ಗಿದ್ದು ಅವಳಿಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಆಮೇಲೆ, ನಾಚಬೇಕಾದವಳು ತಾನಲ್ಲವಲ್ಲ ಎಂದು ಸಿಟ್ಟು ಬಂತು. ಕೈ ತನ್ನ ಮೇಲೇ ಎದ್ದಿತ್ತು ಎಂದು ಒಂದು ಸುಳ್ಳು ಹೇಳಿದರೆ ಸಾಕಿತ್ತು, ಅವನು ಹೋಗುತ್ತಿದ್ದ. ಆ ಸುಳ್ಳನ್ನು ನಾಲಿಗೆಯ ತುದಿಗೆ ತಂದೂ ನೋಡಿದಳು. ಮೂವತ್ತೆರಡು ವರ್ಷ ಅವನಿಗಾಗಿ ಹೇಳಿದ ಸುಳ್ಳುಗಳು ಕಡಿಮೆಯೇ? ಬಿದ್ದೆ, ಬಾಗಿಲು ತಾಗಿತು, ಸ್ಟೂಲು ಜಾರಿತು. ಇನ್ನೊಂದು ಬೇಡವೆನಿಸಿತು.

"ಅವತ್ತ ಅಂವಾ ನನಗ ಹೊಡೀಲಿಕ್ಕ ಕೈ ಎತ್ತಿಲ್ರಿ, ಪೂಜಾ ಮಾಡತಿದ್ದ," ಎಂದಳು. "ಖರೇನ ಬರಕೋರಿ. ಅವನ ಕೈ ಎದ್ದರ ನನ್ನ ಮೈ ಬಗ್ಗತೈತಿ. ದೇವರಿಗೆ ಎತ್ತಿದ್ದು, ನನಗ ಎತ್ತಿದ್ದು ಅನ್ನೂದು ಅದಕ್ಕ ತಿಳಿಯಂಗಿಲ್ಲ. ನಿಮ್ಮ ಪಟ್ಟಿ ಕೈ ನಿಲ್ಲಿಸೈತಿ ಡಾಕ್ಟರಬಾಯಿ. ನಾ ಬಗ್ಗೂದು ನಿಂತಿಲ್ಲ."

ತೆರೇಜಾ ಅದನ್ನು ಹಾಗೆಯೇ ಬರೆದುಕೊಂಡರು.

"ಅವ ಇರಲಿ, ಹೋಗಲಿ, ಅದು ನಿಮಗ ಬಿಟ್ಟಿದ್ದು," ದಾಕ್ಷಾಯಣಿ ಮುಂದುವರಿಸಿದಳು. "ಈ ಊರಾಗ ಖಾಲಿ ಮನಿ ರಗಡ ಅದಾವ. ನನಗೊಂದು ಬ್ಯಾರೆ ಮನಿ ಕೊಡ್ರಿ. ಅವನ ಮನಿಯಿಂದ ಆರು ಮೀಟರ್ ಅಲ್ಲ, ಊರಿನ ಆ ತುದೀಗೆ."

ಕೀಲಿಕೈ ಮರುದಿನವೇ ಸಿಗುವುದೆಂದು ತೆರೇಜಾ ಮಾತು ಕೊಟ್ಟರು. ಕಾಗದಗಳನ್ನು ಎತ್ತಿಟ್ಟುಕೊಂಡವರು ಬಾಗಿಲ ಬಳಿ ನಿಂತರು. ಇನ್ನೊಬ್ಬರ ಭಯವನ್ನು ಆರು ಮೀಟರ್ ದೂರದಿಂದ ಯಂತ್ರಕ್ಕೆ ಕೇಳಿಸಲು ತಮಗೆ ಹನ್ನೊಂದು ವರ್ಷ ಹಿಡಿಯಿತು ಎಂದರು. ಅದಕ್ಕೂ ಮೊದಲು, ನಿಮ್ಮ ಮದುವೆಯ ಹೊಸದರಲ್ಲಿ, ನಿಮ್ಮ ಊರಿನಲ್ಲಿ ಅದನ್ನು ಕೇಳಿಸಿಕೊಳ್ಳುವ ಏನೂ ಇರಲಿಲ್ಲವೇ ಎಂದು ಕೇಳಿದರು.

ದಾಕ್ಷಾಯಣಿಗೆ 2025ರ ಹುಬ್ಬಳ್ಳಿಯ ವಠಾರ ನೆನಪಾಯಿತು. ಈ ಕಡೆ ಅವಳ ಅಡುಗೆಮನೆ, ಆ ಕಡೆ ಪಕ್ಕದವರ ಪಡಸಾಲೆ, ನಡುವೆ ಒಂದೇ ಇಟ್ಟಿಗೆಯ ಗೋಡೆ. ಒಳ್ಳೆಯ ಜನ. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಿದ್ದರು.

"ಮಂದಿ ಇದ್ರರಿ," ಎಂದಳು.

"ಅವರಿಗೆ ಕೇಳಿಸುತ್ತಿರಲಿಲ್ಲವೇ?"

"ಕೇಳಸತಿತ್ರಿ. ಕೇಳಿಸಿದ ಕೂಡಲೆ ಟಿವಿ ಸೌಂಡ್ ಏರಸತಿದ್ರು."