ಕರಡಿನಲ್ಲಿ ಇಲ್ಲದ ಸಾಲು

ಅಪ್ಪನ ಪತ್ರದಿಂದ ಒಂದು ಸಾಲು ಮಾಯವಾಗಿತ್ತು. ಅದನ್ನು ಕೇಳಲು ಅಚ್ಚಿನ ಕರಡು ಹಿಡಿದುಕೊಂಡು ಪ್ರೆಸ್ಸಿಗೆ ಹೋದೆ. ನಮ್ಮ ಪ್ರೇಮ ಬಾಯಿಬಿಟ್ಟದ್ದು ಆ ದಿನ.

ಅಪ್ಪ ಪಾದ್ರಿ. ಸಮುದ್ರದಾಚೆಯ ನಮ್ಮ ದೇಶದಿಂದ ಅಮ್ಮನನ್ನೂ ಎರಡು ವರ್ಷದ ನನ್ನನ್ನೂ ಕರೆತಂದು, ಈ ಊರಿನಲ್ಲಿ ಶಾಲೆ, ಪ್ರಾರ್ಥನಾಲಯ, ಒಂದು ಪುಟ್ಟ ಪ್ರೆಸ್ಸು ನಿಲ್ಲಿಸಿದವರು. ಮೂರು ತಿಂಗಳಿಗೊಮ್ಮೆ ಅವರು ಬರೆದ ಪತ್ರ ಮುನ್ನೂರು ಪ್ರತಿ ಅಚ್ಚಾಗಿ, ನಮ್ಮನ್ನು ಕಳಿಸಿದ್ದ ಆಚೆ ದಡದ ಸಭೆಗಳಿಗೆ ಹಡಗಿನಲ್ಲಿ ಹೋಗುತ್ತಿತ್ತು. ಕರಡು ತಿದ್ದುವುದು ನನ್ನ ಪಾಲಿನ ಕೆಲಸ. ನಾನು ಸಹಿ ಹಾಕಿದ ಮೇಲೆ ಅಪ್ಪ ಅದನ್ನು ಮತ್ತೆ ನೋಡುತ್ತಿರಲಿಲ್ಲ. ಹದಿನಾರನೆಯ ವಯಸ್ಸಿನಿಂದ ಇಪ್ಪತ್ತಮೂರರವರೆಗೆ ನನ್ನದೆಂದು ಒಂದಕ್ಷರವನ್ನೂ ನಾನು ಅದಕ್ಕೆ ಸೇರಿಸಿರಲಿಲ್ಲ.

ನಮ್ಮ ಮನೆಯ ಜ್ವರ, ನಗು, ತಮ್ಮನ ಸಾವು, ಎಲ್ಲವೂ ಆ ಪತ್ರದಲ್ಲಿ ಬರುತ್ತಿತ್ತು. ನಮ್ಮನ್ನು ಕಂಡೇ ಇರದವರು ಓದಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಬದುಕು ಮೊದಲು ಅಚ್ಚಾಗಿ, ಆಮೇಲೆ ನಡೆಯುತ್ತಿತ್ತು. ಆ ಸಲವೂ ಹಾಗೇ ಆಯಿತು. ಮಗಳು ಮುಂದಿನ ಹಡಗಿನಲ್ಲಿ ಸ್ವದೇಶಕ್ಕೆ ಬಂದು ಯೋಗ್ಯ ಬೋಧಕರೊಬ್ಬರನ್ನು ಮದುವೆಯಾಗುವಳು, ಪ್ರಾರ್ಥಿಸಿರಿ ಎಂದು ಅಪ್ಪ ಬರೆದಿದ್ದರು. ನನಗೆ ಸುದ್ದಿ ಗೊತ್ತಾದದ್ದೇ ಆ ಕೈಬರಹದಿಂದ. ಅದನ್ನು ಇದ್ದ ಹಾಗೇ ಪ್ರೆಸ್ಸಿಗೆ ಕೊಟ್ಟು ಬಂದಿದ್ದೆ. ಕರಡಿನಲ್ಲಿ ಇಲ್ಲದ್ದು ಆ ಸಾಲೇ.

ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು ಒಬ್ಬರೇ, ಇದೇ ಊರಿನವರು, ನಮ್ಮ ಶಾಲೆಯಲ್ಲೇ ಓದಿದವರು. ಅಕ್ಷರಗಳನ್ನು ತಿರುಗುಮುರುಗಾಗಿ ಓದುವ ಅವರಿಗೆ ಊರವರು ‘ತಲೆಕೆಳಗು’ ಎಂದು ಹೆಸರಿಟ್ಟಿದ್ದರು. ಅವರಿಗೆ ದೀಕ್ಷಾಸ್ನಾನ ಕೊಟ್ಟವರು ಅಪ್ಪನೇ. ಪ್ರಾರ್ಥನೆಯಲ್ಲಿ ಅವರು ನಮ್ಮ ಸಹೋದರ. ನಮ್ಮ ಊಟದ ಮೇಜಿನ ಬಳಿ ಮಾತ್ರ ಅವರಿಗೆ ಕುರ್ಚಿ ಇರಲಿಲ್ಲ. ಮೂರು ವರ್ಷದಿಂದ ಕರಡಿನ ನೆಪದಲ್ಲಿ ನಾವು ಜಗಳವಾಡುತ್ತಿದ್ದೆವು. ಜಗಳಕ್ಕೆ ಕಾರಣ ಸಿಗದ ವಾರ ನನಗೆ ಊಟ ರುಚಿಸುತ್ತಿರಲಿಲ್ಲ.

“ಒಂದು ಸಾಲು ಬಿಟ್ಟಿದ್ದೀರಿ,” ಎಂದೆ.

ಎಡಗೈಯಲ್ಲಿದ್ದ, ಸಾಲು ಜೋಡಿಸುವ ಸ್ಟಿಕ್ಕಿನಲ್ಲಿ ಒಂದೊಂದೇ ಮೊಳೆ ಇಡುತ್ತ, ತಲೆ ಎತ್ತದೆ, “ಮೊಳೆ ಸಾಲಲಿಲ್ಲ ಅಮ್ಮಾವ್ರೇ,” ಎಂದರು.

“ಮೊಳೆಯ ಖಾನೆಗಳೆಲ್ಲ ತುಂಬಿವೆಯಲ್ಲ?”

“ಹಾಗಾದ್ರೆ ಕಣ್ಣು ತಪ್ಪಿರ್ಬೇಕು.”

“ಮೂರು ವರ್ಷದಲ್ಲಿ ಒಂದು ಚುಕ್ಕೆ ಬಿಡದವರ ಕಣ್ಣು?”

ಅವರ ಕಿವಿಗೆ ಮಸಿ ಹತ್ತಿತ್ತು. ಮಸಿಯನ್ನೂ ಮೀರಿ ಆ ಕಿವಿ ಕೆಂಪಾದದ್ದು ನನಗೆ ಕಂಡಿತು. ಸ್ಟಿಕ್ಕನ್ನು ಕೆಳಗಿಟ್ಟರು.

“ಮೂರು ಸಲ ಜೋಡಿಸಿದೆ, ಮೂರು ಸಲಾನೂ ಬಿಚ್ಚಿ ಖಾನೆಗೆ ಹಾಕ್ದೆ. ಕೈ ಬರ್ಲಿಲ್ಲ. ನೀವೇ ನಿಮ್ಮ ಕೈಯಾರೆ ಅಂಚಲ್ಲಿ ಬರೆದುಕೊಡಿ. ನಾಲ್ಕನೇ ಸಲ ಜೋಡಿಸ್ತೀನಿ, ಮಾತಾಡಲ್ಲ.”

ಅವರ ಕಿವಿಯ ಹಿಂದಿದ್ದ ಪೆನ್ಸಿಲನ್ನು ನಾನೇ ತೆಗೆದುಕೊಂಡೆ. ಅಪ್ಪನ ಬಾಯಲ್ಲಿ ನನ್ನ ಮಾತು ತುರುಕುವುದು ಸುಳ್ಳಾಗುತ್ತಿತ್ತು. ಆದ್ದರಿಂದ ಅಪ್ಪನ ಸಹಿಯ ಕೆಳಗೆ ಬರೆದೆ: ‘ನಾನು, ಇವರ ಮಗಳು, ಸ್ವದೇಶಕ್ಕೆ ಬರುವುದಿಲ್ಲ. ಈ ಪತ್ರದ ಮೊಳೆ ಜೋಡಿಸಿದವರನ್ನು, ಅವರು ಒಪ್ಪಿದರೆ, ಮದುವೆಯಾಗುವೆನು. ಪ್ರಾರ್ಥಿಸಿರಿ.’

ಅವರು ಎರಡು ಸಲ ಓದಿದರು. ಕೆಲಸ ಹೋಗುತ್ತದೆ ಎಂದರು, ಹೋಗಲಿ ಎಂದೆ. ನಿಮ್ಮಪ್ಪನ ಮನಸ್ಸು ಮುರಿಯುತ್ತದೆ ಎಂದರು. ನನ್ನದೂ ಮನಸ್ಸೇ ಎಂದೆ. ಆಮೇಲೆ ಮೊಳೆ ಜೋಡಿಸತೊಡಗಿದರು. ನಡುವೆ ಕೈ ನಿಂತಿತು.

“‘ಅವರು ಒಪ್ಪಿದರೆ’ ಅನ್ನೋದು ಬೇಡ,” ಎಂದರು. “ಜಾಗ ದಂಡ.”

ಮಾರನೆಯ ದಿನ ಅಚ್ಚಾದ ಮೊದಲ ಪ್ರತಿಯನ್ನು ನಾನೇ ಅಪ್ಪನ ಕೈಗೆ ಕೊಟ್ಟೆ. ಕದ್ದು ಕಳಿಸುವ ಮನಸ್ಸಿರಲಿಲ್ಲ. ಉಳಿದವನ್ನು ಅಮ್ಮ ಊಟದ ಮೇಜಿನ ಮೇಲೆ ಮಡಚಿ ಲಕೋಟೆಗೆ ಹಾಕುತ್ತಿದ್ದಳು. ನಾಲ್ಕು ಗಂಟೆಗೆ ಹಡಗಿನ ಟಪಾಲು ಚೀಲ ಕಟ್ಟುತ್ತಿದ್ದರು.

ಅಪ್ಪ ಓದಿದರು. ಇದು ನನ್ನ ಪತ್ರ, ಎಲ್ಲವನ್ನೂ ಸುಡಬೇಕು ಎಂದರು. ಆಮೇಲೆ ದನಿ ಇಳಿಸಿ, “ಹುಡುಗ ಒಳ್ಳೆಯವನು, ನಾನು ಇಲ್ಲ ಅನ್ನಲ್ಲ. ಆದರೆ...”

“ಆ ‘ಆದರೆ’ ಯಾವ ವಚನದಲ್ಲಿದೆ, ಅಪ್ಪ? ತೋರಿಸಿ. ಈಗಲೇ ಪೆಟ್ಟಿಗೆ ಕಟ್ತೀನಿ.”

ಅವರು ಬೈಬಲ್ ತೆರೆದರು. ಹುಡುಕುವವರಂತೆ ಹಾಳೆ ತಿರುವಿದರು. ಇಡೀ ಗ್ರಂಥ ಬಾಯಿಪಾಠವಾಗಿದ್ದ ಅಪ್ಪನಿಗೆ ಅದು ಎಲ್ಲಿಯೂ ಇಲ್ಲವೆಂದು ತಿಳಿದಿತ್ತು. ಕೊನೆಗೆ ಅಮ್ಮನಿಗೆ, ನಿಲ್ಲಿಸು ಎಂದರು.

ಅಮ್ಮ ನಿಲ್ಲಿಸಲಿಲ್ಲ. “ಇಪ್ಪತ್ತೊಂದು ವರ್ಷ ನೀವು ಬರೆದದ್ದನ್ನೆಲ್ಲ ಮಡಚಿದ್ದೀನಿ. ಮಗ ಸತ್ತ ಸುದ್ದೀನೂ ಈ ಕೈಯಲ್ಲೇ ಮುನ್ನೂರು ಸಲ ಮಡಚಿದೆ. ಇದನ್ನೂ ಮಡಚ್ತೀನಿ,” ಎಂದಳು. ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಚೀಲವನ್ನೂ ಅವಳೇ ಹೊತ್ತುಕೊಂಡು ಹೋದಳು.

ಹಡಗು ನಾನಿಲ್ಲದೆ ಹೋಯಿತು. ಅಪ್ಪ ನನ್ನೊಡನೆ ಮಾತು ಬಿಟ್ಟರು. ಮದುವೆ ನಡೆಸಿಕೊಡುವುದಿಲ್ಲವೆಂದು ಅಮ್ಮನ ಮೂಲಕ ಹೇಳಿಸಿದರು. ಸಭೆಯ ಹಿರಿಯರಲ್ಲಿ ಒಬ್ಬರಾದ ಬಡಗಿ, ಮದುವೆಯ ಪ್ರಮಾಣ ನಾನು ಓದಿಸುತ್ತೇನೆ, ನನಗೆ ಯಾರ ಹಂಗೂ ಇಲ್ಲ ಎಂದು ಮುಂದೆ ಬಂದರು. ಮದುವೆಯ ಬೆಳಿಗ್ಗೆ ಅಪ್ಪ ಬಂದು ಕಟ್ಟಕಡೆಯ ಬೆಂಚಿನಲ್ಲಿ ಅಪರಿಚಿತನಂತೆ ಕೂತರು. ಈ ಮದುವೆಗೆ ಯಾರದಾದರೂ ತಕರಾರಿದೆಯೇ ಎಂದು ಬಡಗಿ ಕೇಳಿದಾಗ ಎಲ್ಲರೂ ಹಿಂದಕ್ಕೆ ತಿರುಗಿದರು.

ಅಪ್ಪ ಎದ್ದರು. ಪಕ್ಕದಲ್ಲಿದ್ದ ಮದುಮಗನ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ಅಪ್ಪ ನಿಧಾನವಾಗಿ ನಡೆದು ಬಂದು, ಬಡಗಿಯ ಕೈಯಿಂದ ಪ್ರಮಾಣದ ಪುಸ್ತಕ ತೆಗೆದುಕೊಂಡು, ಅದನ್ನು ನೋಡದೆಯೇ ಕೇಳಿದರು: “ಮರಣವು ನಿಮ್ಮನ್ನು ಅಗಲಿಸುವ ತನಕ ಇವನನ್ನು ಪ್ರೀತಿಸುವೆಯಾ?”

“ಆಮೇಲೂ,” ಎಂದೆ.

“ಪುಸ್ತಕದಲ್ಲಿ ಹಾಗಿಲ್ಲ, ಮಗಳೇ.” ಎರಡು ತಿಂಗಳ ಮೇಲೆ ಅವರು ನನಗೆ ತಮ್ಮದಾಗಿ ಆಡಿದ ಮೊದಲ ಮಾತು ಅದು.

“ನಾನು ಹೇಳೋದು ‘ಆಮೇಲೂ’ ಅಂತಲೇ, ಅಪ್ಪ.”

ನನ್ನ ಕೈ ಹಿಡಿದು ನಿಂತಿದ್ದವರಿಗೆ ನಗು ತಡೆಯಲಾಗಲಿಲ್ಲ. ಅಪ್ಪನ ಕಣ್ಣಲ್ಲಿ ನೀರಿತ್ತು.

ಈ ವರ್ಷ ನನ್ನವರನ್ನು ಮಣ್ಣಿಗೆ ಕೊಟ್ಟೆವು. ನಲವತ್ತೆಂಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ದೀಪದಲ್ಲಿ ಕರಡು ನೋಡಿದ್ದೆವು. ದೇವರ ಚಿತ್ತಕ್ಕೆ ತಲೆಬಾಗು ಎಂದು ಬಂದವರೆಲ್ಲ ಹೇಳಿ ಹೋಗುತ್ತಾರೆ. ಬಾಗಿದ್ದೇನೆ, ದಿನವೂ ಮೊಣಕಾಲೂರುತ್ತೇನೆ. ಆದರೆ ಮದುವೆಯ ಬೆಳಿಗ್ಗೆ ಆತನ ಮುಂದೆ ನಿಂತು ಆಡಿದ ‘ಆಮೇಲೂ’ ಎಂಬ ಮಾತನ್ನು ನಾನು ಹಿಂತೆಗೆದುಕೊಂಡಿಲ್ಲ. ತೆಗೆದುಕೊಳ್ಳುವುದೂ ಇಲ್ಲ.